ಮೇಷ್ಟ್ರ ಸಿಟ್ಟು, ಸಾಕಮ್ಮನ ಸಿಟ್ಟು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಳೆದ ಮೂವತ್ತು ವರ್ಷಗಳಿಂದ ಒಳ್ಳೆಯ ಉಪಾಧ್ಯಾಯರು ಅನೇಕರು ಬಂದಿದ್ದಾರೆ, ಹೋಗಿದ್ದಾರೆ. ರೇಖಾಗಣಿತವನ್ನು ಕಥೆಯಂತೆ ಹೇಳಿದವರಿದ್ದಾರೆ, ವ್ಯಾಕರಣವನ್ನು ಹಾಡಿನಂತೆ ಕಲಿಸಿದವರಿದ್ದಾರೆ, ಶಾಲೆಗೆ ಕಟ್ಟಡವಿಲ್ಲದ ಊರಿನಲ್ಲಿ ಚಾವಡಿಯ ಮೇಲೆಯೇ ಹತ್ತು ವರ್ಷ ಪಾಠ ಹೇಳಿ ದಣಿಯದವರಿದ್ದಾರೆ. ಆದರೆ ಮಕ್ಕಳಿಗಿಂತ ಮಕ್ಕಳ ತಂದೆತಾಯಿಗಳೇ ಹೆಚ್ಚಾಗಿ ಹೆದರುತ್ತಿದ್ದ ಉಪಾಧ್ಯಾಯರು ಈ ಸೀಮೆಯಲ್ಲಿ ಒಬ್ಬರೇ ಒಬ್ಬರು. ಇದೇ ೧೯೫೯ರ ಬೇಸಿಗೆಯಲ್ಲಿ ಹುಣಸೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯ ಪದವಿಯಿಂದ ನಿವೃತ್ತರಾಗುತ್ತಿರುವ ಶ್ರೀ ವೀರಭದ್ರಸ್ವಾಮಿಯವರೇ ಆ ಒಬ್ಬರು.

ಇಂಥ ಸನ್ಮಾನ ಸಂಪುಟಗಳಲ್ಲಿ ಸನ್ಮಾನಿತರನ್ನು ಶಾಂತಮೂರ್ತಿ, ಸಹನಶೀಲ, ಅಜಾತಶತ್ರು ಎಂದು ಬರೆಯುವುದು ವಾಡಿಕೆ. ವೀರಭದ್ರಸ್ವಾಮಿಯವರ ಮಟ್ಟಿಗೆ ಈ ಮೂರೂ ಶುದ್ಧ ಸುಳ್ಳು. ಅವರೊಡನೆ ಎಂಟು ವರ್ಷ ಒಂದೇ ಶಾಲೆಯಲ್ಲಿ ಕೆಲಸ ಮಾಡಿದ ಈ ಲೇಖಕನಿಗೆ ಸನ್ಮಾನ ಸಮಿತಿಯ ಹಿರಿಯರೊಬ್ಬರು, “ಅವರ ಕೋಪದ ವಿಷಯ ಮಾತ್ರ ಬೇಡ, ಮಿಕ್ಕದ್ದು ಬರೆಯಿರಿ” ಎಂದು ಸೂಚಿಸಿದರು. ಕೋಪವನ್ನು ಬಿಟ್ಟರೆ ಅವರ ವಿಷಯದಲ್ಲಿ ಬರೆಯುವುದಕ್ಕೆ ಉಳಿಯುವುದು ವರ್ಗಾವಣೆಯ ತಾರೀಖುಗಳು ಮಾತ್ರ. ಆದ್ದರಿಂದ ಆ ಸೂಚನೆಯನ್ನು ಇಲ್ಲಿ ಪಾಲಿಸಿಲ್ಲ.

ತಾರೀಖುಗಳನ್ನು ಬೇಗ ಮುಗಿಸಿಬಿಡಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಚಿಕ್ಕ ಮಠದಲ್ಲಿ ಅವರು ಹುಟ್ಟಿದರು. ತಂದೆಯವರು ಆ ಮಠದ ಅಯ್ಯನವರು. ಮಗನೂ ತಮ್ಮಂತೆಯೇ ಭಕ್ತರ ಮನೆಗಳಿಗೆ ಹೋಗಿ ಪಾದಪೂಜೆ ಮಾಡಿಸಿಕೊಂಡು ಸುಖವಾಗಿರಬೇಕೆಂದು ಅವರು ಮಗ ಹುಟ್ಟುವುದಕ್ಕೆ ಮುಂಚೆಯೇ ತೀರ್ಮಾನಿಸಿದ್ದರು. ಮಗನಿಗೆ ಲೆಕ್ಕದ ಹುಚ್ಚು. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಗೂ ಮಗನಿಗೂ ನಡೆದ ಜಗಳ ಎಷ್ಟು ದೊಡ್ಡದಾಯಿತೆಂದರೆ, ಅವರು ಮೈಸೂರಿಗೆ ನಡೆದುಕೊಂಡೇ ಹೋದರು, ಮುಂದೆ ಬಿ.ಎ. ಆಗುವವರೆಗೂ ತಂದೆ ಅವರೊಡನೆ ಮಾತನಾಡಲಿಲ್ಲ. ಆ ಏಳೆಂಟು ವರ್ಷದ ಮೌನವನ್ನು ವೀರಭದ್ರಸ್ವಾಮಿಯವರು ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಕೃಷ್ಣರಾಜನಗರದಲ್ಲಿ, ಪಿರಿಯಾಪಟ್ಟಣದಲ್ಲಿ, ಆಮೇಲೆ ಚಳಿಜ್ವರಕ್ಕೆ ಹೆದರಿ ಯಾರೂ ಹೋಗಲೊಪ್ಪದಿದ್ದ ಹೆಗ್ಗಡದೇವನಕೋಟೆಯಲ್ಲಿ ಸೇವೆ ಸಲ್ಲಿಸಿ, ೧೯೫೦ರಲ್ಲಿ ಹುಣಸೂರಿಗೆ ಬರುವ ಹೊತ್ತಿಗೆ ಆ ಹಳೆಯ ಸಿಟ್ಟು ಒಂದು ವ್ರತವಾಗಿ ಬೆಳೆದಿತ್ತು. ಯಾವ ತಂದೆಯೂ ಮಗುವನ್ನು ಕೇಳದೆ ಮಗುವಿನ ಬಾಳನ್ನು ಗೊತ್ತುಮಾಡಕೂಡದು.

ಆಗ ಅವರು ಮಾಡಿದ ಒಂದು ಕೆಲಸವನ್ನು ಈ ಕಡೆ ಅದುವರೆಗೆ ಯಾರೂ ಮಾಡಿದ್ದಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಶಾಲೆ ಬಿಟ್ಟು ಮೈಸೂರಿನ ಕಾಲೇಜುಗಳಿಗೆ ಸೇರಿದ ಹುಡುಗ ಹುಡುಗಿಯರ ತಂದೆತಾಯಿಗಳನ್ನು ತಿಂಗಳಿಗೊಂದು ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಶಾಲೆಗೆ ಕರೆಸಲಾರಂಭಿಸಿದರು. ಮಗ ಶಾಲೆ ಬಿಟ್ಟು ಹೋದ ಮೇಲೆ ಮೇಷ್ಟ್ರಿಗೂ ತಮಗೂ ಏನು ಸಂಬಂಧವೆಂದು ಮೊದಲಲ್ಲಿ ಜನಕ್ಕೆ ಆಶ್ಚರ್ಯ. ಆದರೂ ಹೆದರಿಕೊಂಡು ಬಂದರು. ಬೈಸಿಕೊಂಡರು. “ಒಂದು ಮೂಟೆ ರಾಗಿ, ಒಂದು ಡಬ್ಬ ತುಪ್ಪ ಕಳಿಸಿದ ಕೂಡಲೇ ಅಪ್ಪ ಆಗಿಬಿಟ್ಟೆ ಅಂದ್ಕೊಂಡಿದ್ದೀಯೇನಯ್ಯಾ? ಅವನು ಏನು ಓದ್ತಾನೆ, ಓದಿ ಏನಾಗ್ಬೇಕು ಅಂತಿದ್ದಾನೆ, ಹೇಳು ನೋಡೋಣ!” ಎಂದು ಗರ್ಜಿಸಿದರೆ ಎತ್ತಿನ ಗಾಡಿಯಲ್ಲಿ ಬಂದ ಯಜಮಾನರು ರುಮಾಲು ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು. ಬಹುಮಂದಿಗೆ ಮಗ ಏನು ಓದುತ್ತಿದ್ದಾನೆಂಬುದೇ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ, ಅದನ್ನು ಅವನು ಬಯಸಿ ಓದುತ್ತಿದ್ದಾನೆಯೇ ಎಂಬುದು ಗೊತ್ತಿರಲಿಲ್ಲ. ಅವರ ಕೋಪ ನ್ಯಾಯವಾದದ್ದೆಂದು ನಾವೆಲ್ಲ ಬಲವಾಗಿ ನಂಬಿದ್ದೆವು. ಅವರೂ ನಂಬಿದ್ದರು.

ಆ ನಂಬಿಕೆ ಮುರಿದದ್ದು ೧೯೫೩ರ ನವೆಂಬರಿನ ಒಂದು ಶನಿವಾರ.

ಅಂದು ಮುಂದಿನ ಬೆಂಚಿನ ಮೇಲೆ ಬೆಟ್ಟದಪುರದ ಚಿಕ್ಕಬಸಪ್ಪನವರು ಕುಳಿತಿದ್ದರು. ಹೊಗೆಸೊಪ್ಪು ಬೆಳೆಯುವ ದೊಡ್ಡ ಒಕ್ಕಲು, ಸುತ್ತಿನ ಹಳ್ಳಿಗಳಲ್ಲಿ ಮಾತು ನಡೆಯುವಂಥ ಮನುಷ್ಯ. ಅವರ ಮಗಳು ನೀಲಾಂಬಿಕೆ ನಮ್ಮ ಶಾಲೆಯಿಂದಲೇ ಹೋಗಿ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ಟಿನ ಎರಡನೆಯ ವರ್ಷದಲ್ಲಿದ್ದಳು. ಬಿ.ಎ. ಮುಗಿಸಿ, ಬಿ.ಟಿ. ಮಾಡಿ ಉಪಾಧ್ಯಾಯಿನಿಯಾಗಬೇಕೆಂಬುದು ಅವಳ ಆಸೆ. ರಾವಂದೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮನೆಯ ಹಿರಿಯರು ಒತ್ತಾಯಿಸುತ್ತಿದ್ದರು. ಚಿಕ್ಕಬಸಪ್ಪನವರ ಮನಸ್ಸು ಎರಡಾಗಿತ್ತು. ಎದ್ದುನಿಂತು ವಿನಯವಾಗಿಯೇ ಕೇಳಿದರು:

“ಈ ವರ್ಷದ ಪರೀಕ್ಷೆ ಆದ್ಮೇಲೆ ಓದು ನಿಲ್ಲಿಸ್ಬುಡೋಣ ಅಂತವ್ರೆ ನಮ್ಮೋರು. ತಾವೇನಂತೀರಿ ಸ್ವಾಮಿ?”

ಅವರು ಅಭಿಪ್ರಾಯ ಕೇಳುವುದಕ್ಕೆ ಬಂದಿದ್ದರೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ವೀರಭದ್ರಸ್ವಾಮಿಯವರ ಕಿವಿಗೆ ಬಿದ್ದದ್ದು ‘ನಿಲ್ಲಿಸ್ಬುಡೋಣ’ ಎಂಬ ಒಂದೇ ಮಾತು.

“ನಿಲ್ಲಿಸೋದಕ್ಕೆ ನೀನ್ಯಾರಯ್ಯಾ?” ಎಂದು ಅವರು ಮೇಜು ಗುದ್ದಿದರು. “ಮಗಳನ್ನ ಕೇಳಿದೆಯಾ? ಒಂದು ಮಾತು ಕೇಳಿದೆಯಾ? ನಿನ್ನ ಹೊಗೆಸೊಪ್ಪು ಅಂದ್ಕೊಂಡಿದ್ದೀಯಾ, ನಿನಗೆ ಬೇಕಾದಾಗ ಹೊರೆ ಕಟ್ಟಿ ಯಾರ ಮನೆಗೋ ಇಳಿಸೋದಕ್ಕೆ?”

ನಲವತ್ತು ಜನರ ಎದುರಿನಲ್ಲಿ, ತಮ್ಮ ಊರಿನ ಆಳುಗಳೂ ಬಂದು ನಿಂತಿದ್ದ ಕಡೆ, ಏಕವಚನದಲ್ಲಿ ಈ ಮಾತು ಕೇಳಿಸಿಕೊಂಡ ಚಿಕ್ಕಬಸಪ್ಪನವರ ಮುಖ ಕಪ್ಪಿಟ್ಟಿತು. ಉತ್ತರ ಬಂದದ್ದು ಬಾಗಿಲಿನಿಂದ.

“ನೀವು ಕೇಳುದ್ರಾ ಅಯ್ನೋರೆ?”

ಎಲ್ಲರೂ ತಿರುಗಿ ನೋಡಿದರು. ಮಂಡಿಯವರೆಗೆ ಕೆಂಧೂಳು ಮೆತ್ತಿಕೊಂಡ, ನಲವತ್ತರ ಆಚೆ ಈಚೆಯ ಹೆಂಗಸು. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಕಡೆಯ ಹಳ್ಳಿಯವಳು, ಜವರಯ್ಯನ ಹೆಂಡತಿ ಸಾಕಮ್ಮ. ಅವಳ ಮಗ ಸಿದ್ದಯ್ಯ ವೀರಭದ್ರಸ್ವಾಮಿಯವರ ಕಣ್ಮಣಿ. ಹೆಗ್ಗಡದೇವನಕೋಟೆಯಲ್ಲಿದ್ದಾಗ ಆ ಹುಡುಗನ ಲೆಕ್ಕದ ಬುದ್ಧಿಯನ್ನು ಕಂಡು ಹಿಡಿದವರು ಅವರೇ. ಹುಣಸೂರಿಗೆ ಕರೆತಂದು, ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸಿ, ಸಂಜೆಯ ಹೊತ್ತು ತಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಹೇಳಿದ್ದರು. ಆ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಅವನಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಬಂದಾಗ ಊರಿಗೆಲ್ಲ ಸಕ್ಕರೆ ಹಂಚಿದ್ದರು. ಜೂನ್ ತಿಂಗಳಲ್ಲಿ ತಾವೇ ಮೈಸೂರಿಗೆ ಹೋಗಿ ಕಾಲೇಜಿನ ಅರ್ಜಿ ತುಂಬಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂದು ಬರೆದು, ಪೋಷಕರು ಎಂಬಲ್ಲಿ ತಾವೇ ರುಜು ಮಾಡಿ ಬಂದಿದ್ದರು. ಸಿದ್ದಯ್ಯ ಇಂಜಿನಿಯರ್ ಆಗಬೇಕೆಂದು ಅವರು ತೀರ್ಮಾನಿಸಿದ್ದರು.

“ಸಭೆ ನಡೀತಿದೆ, ಆಚೆ ನಿಂತಿರಮ್ಮ” ಎಂದರು ವೀರಭದ್ರಸ್ವಾಮಿಯವರು.

ಸಾಕಮ್ಮ ಅಲುಗಲಿಲ್ಲ. “ನಿಂತೇ ಇವ್ನಿ. ಆಗ್ಲಿಂದ ನಿಂತ್ಕಂಡು ಕೇಳ್ತಾವ್ನಿ. ಆ ಯಜಮಾನ್ರು ಮಗಳ್ನ ಕೇಳ್ನಿಲ್ಲ, ತಪ್ಪು, ಸರಿ. ನಮ್ ಸಿದ್ದಯ್ಯುನ್ನ ನೀವು ಕೇಳುದ್ರಾ? ಅವ್ನು ಕಾಲೇಜು ಬುಟ್ಟು ಬಂದು ಇಪ್ಪತ್ತು ದಿನಾಯ್ತು. ಮಲೇರಿಯಾದೋರ ಜೊತೆ ಸೇರ್ಕಂಡು, ಬೆನ್ನಿಗೆ ಪಂಪು ಕಟ್ಕಂಡು, ಗ್ವಾಡೆ ಗ್ವಾಡೆಗೂ ಮದ್ದು ಒಡೀತಾ ತಿರುಗ್ತಾವ್ನೆ. ನಿಮ್ಗೆ ಗೊತ್ತಾ?”

ಗೊತ್ತಿರಲಿಲ್ಲ. ಆ ಸುದ್ದಿ ಅವರ ಎದೆಗೆ ಕಲ್ಲು ಬಿದ್ದಂತೆ ಬಿದ್ದಿತು. ಆದರೆ ನೋವಾದಾಗ ವೀರಭದ್ರಸ್ವಾಮಿಯವರಿಗೆ ಗೊತ್ತಿದ್ದದ್ದು ಕೂಗಾಡುವುದೊಂದೇ.

“ನೂರಕ್ಕೆ ತೊಂಬತ್ತೆಂಟು ತೆಗೆದ ಹುಡುಗ ಕಣಮ್ಮ ಅವನು! ಇಂಜಿನಿಯರ್ ಆಗೋ ಹುಡುಗ! ಅವನನ್ನ ವಾಪಸ್ಸು ಅಟ್ಟೋದು ಬಿಟ್ಟು ಇಲ್ಲಿ ಬಂದು ನನ್ನ ಕೇಳ್ತೀಯಾ?”

“ಆಗೋನು ಅವ್ನಾ, ನೀವಾ?” ಎಂದಳು ಸಾಕಮ್ಮ. ಅವಳ ಧ್ವನಿ ಈಗ ಅವರ ಧ್ವನಿಗಿಂತ ಮೇಲೆ ಹೋಗಿತ್ತು. “ನಾವು ಓದ್ದೋರಲ್ಲ, ನೀವೇ ನೋಡ್ಕಳಿ ಅಂತ ನಾನೂ ನನ್ ಗಂಡನೂ ಕೈ ಮುಗ್ದೊ. ನೋಡ್ಕಳಿ ಅಂದ್ರೆ ಅವನ್ನ ಕೇಳ್ಬ್ಯಾಡಿ ಅಂತಾನಾ?”

“ಹೊರಗೆ ನಡಿ!” ಎಂದರು ವೀರಭದ್ರಸ್ವಾಮಿಯವರು.

ಅವಳು ನಡೆದಳು. ಕಣ್ಣಲ್ಲಿ ನೀರು ಹಾಕಲಿಲ್ಲ, ಹಿಂತಿರುಗಿ ನೋಡಲಿಲ್ಲ. ಸಭೆ ಅಲ್ಲಿಗೇ ಮುರಿಯಿತು. ಚಿಕ್ಕಬಸಪ್ಪನವರು ಯಾರಿಗೂ ಹೇಳದೆ ಗಾಡಿ ಹತ್ತಿದರು.

ಆ ಸಂಜೆ ವೀರಭದ್ರಸ್ವಾಮಿಯವರು ಮನೆಗೆ ಬಂದಾಗಲೂ ಉರಿಯುತ್ತಲೇ ಇದ್ದರು. ಮಾಡಿದ ಉಪಕಾರಕ್ಕೆ ಇದೇ ಪ್ರತಿಫಲವೇ ಎಂದು ಜಗಲಿಯ ಮೇಲೆ ಅತ್ತಿಂದಿತ್ತ ತಿರುಗಾಡುತ್ತ ಹೇಳಿದ್ದನ್ನೇ ಹೇಳಿದರು. ಅವರ ಶ್ರೀಮತಿ ಪ್ರೇಮಮ್ಮನವರು ಎಲ್ಲವನ್ನೂ ಕೇಳಿಸಿಕೊಂಡರು. ಸಭೆಯಿಂದ ಹೊರಬಂದು ಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದ ಸಾಕಮ್ಮನನ್ನು ಮಧ್ಯಾಹ್ನವೇ ಮನೆಗೆ ಕರೆದು ಊಟಕ್ಕಿಕ್ಕಿ, ಬಸ್ಸು ಹತ್ತಿಸಿ ಕಳಿಸಿದ್ದವರು ಅವರೇ ಎಂಬುದು ಪತಿಗೆ ತಿಳಿದಿರಲಿಲ್ಲ.

“ಅವನ ತಂಗಿ ಚಳಿಜ್ವರದಲ್ಲಿ ಸತ್ತದ್ದು ನಿಮಗೆ ಗೊತ್ತಿತ್ತಾ?” ಎಂದು ಪ್ರೇಮಮ್ಮನವರು ಕೇಳಿದರು.

“ಯಾರ ತಂಗಿ?”

“ಸಿದ್ದಯ್ಯನ ತಂಗಿ. ಏಳು ವರ್ಷದ ಮಗುವಂತೆ. ಅದು ಸತ್ತ ಮೇಲೆ ಊರಿಗೆ ಯಾರೋ ಬಂದು ಎಲ್ಲರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ತೆಗೆದು, ಕೊಳವೆಯಲ್ಲಿ ಕಣ್ಣಿಟ್ಟು ನೋಡಿದರಂತೆ. ಇವನಿಗೂ ಒಂದು ಸಲ ತೋರಿಸಿದರಂತೆ. ಆವತ್ತಿನಿಂದ ಅವನಿಗೆ ಅದೇ ಧ್ಯಾನ ಅಂತ ಅವಳು ಹೇಳಿದಳು. ಮೂರು ವರ್ಷ ನಮ್ಮ ಜಗಲಿ ಮೇಲೆ ಕೂತು ಲೆಕ್ಕ ಮಾಡಿದ ಹುಡುಗ. ನಿಮಗೆ ಒಂದು ದಿನವೂ ಹೇಳಲಿಲ್ಲವಾ?”

ವೀರಭದ್ರಸ್ವಾಮಿಯವರು ತಿರುಗಾಡುವುದನ್ನು ನಿಲ್ಲಿಸಿದರು. ಹುಡುಗ ಹೇಳುವುದಕ್ಕೆ ಬಂದಿದ್ದ. ಈಗ ನೆನಪಾಯಿತು. ಮೇ ತಿಂಗಳಲ್ಲಿ ಒಂದು ಸಲ, ಕಾಲೇಜು ಸೇರಿದ ಮೇಲೆ ದಸರಾ ರಜೆಯಲ್ಲಿ ಮತ್ತೊಂದು ಸಲ. “ಸಾರ್, ಗಣಿತದ ಬದಲು...” ಎಂದು ಅವನು ಬಾಯಿ ತೆರೆದ ಕೂಡಲೇ, “ಮುಚ್ಚು ಬಾಯಿ, ನಿನ್ನ ಹಿತ ನಿನಗಿಂತ ನನಗೆ ಚೆನ್ನಾಗಿ ಗೊತ್ತು” ಎಂದಿದ್ದರು. ಅದು ತಮ್ಮ ತಂದೆಯವರು ಹದಿನಾಲ್ಕರ ಮಗನಿಗೆ ಹೇಳಿದ್ದ ಮಾತೇ. ಮುಂದೆ ಅನೇಕ ಸಲ ಅವರು ತಾವಾಗಿಯೇ ಈ ಸಂಗತಿಯನ್ನು ನಮ್ಮೆದುರು ಹೇಳಿದ್ದಾರೆ. ಹೇಳುವಾಗಲೆಲ್ಲ ಅವರ ದವಡೆ ಬಿಗಿಯುತ್ತಿತ್ತು. ಅಂದಿನಿಂದ ಇಂದಿನವರೆಗೂ ಆರದ ಸಿಟ್ಟು ಅದು. ಆದರೆ ಅದರ ಗುರಿ ಅವರೇ ಆಗಿದ್ದರು.

ಮರುದಿನ ಭಾನುವಾರ. ಬೆಳಗಿನ ಬಸ್ಸಿಗೆ ಹೆಗ್ಗಡದೇವನಕೋಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಮಿಕ್ಕ ದಾರಿಯನ್ನು ನಡೆದು ಆ ಹಳ್ಳಿಗೆ ಹೋದರು. ಸಿದ್ದಯ್ಯ ಪಕ್ಕದ ಊರಿನಲ್ಲಿದ್ದಾನೆಂದು ತಿಳಿದು ಅಲ್ಲಿಗೂ ನಡೆದರು. ಒಂದು ಹಟ್ಟಿಯೊಳಗಿನಿಂದ ಕೋಳಿ, ಮಡಕೆ, ಚಾಪೆಗಳನ್ನು ಹೊರಗೆ ಸಾಗಿಸುತ್ತಿದ್ದರು. ಒಳಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಡಿ.ಡಿ.ಟಿ. ಹೊಡೆಯುತ್ತಿದ್ದ ಸಿದ್ದಯ್ಯನ ತಲೆಗೂದಲು, ಹುಬ್ಬು ಬೆಳ್ಳಗಾಗಿದ್ದವು.

ಮೇಷ್ಟ್ರನ್ನು ಕಂಡು ಅವನು ಪಂಪು ಇಳಿಸಿದ. ಕಾಲಿಗೆ ಬೀಳಲಿಲ್ಲ.

“ಬೈಯಾಕೆ ಬಂದಿದ್ರೆ ಬೈದು ಬುಡಿ ಸಾರ್” ಎಂದ. “ನಾನು ವಾಪಸ್ ಬರಾಕಿಲ್ಲ.”

“ನನಗೆ ಒಂದು ಮಾತು ಹೇಳಬಾರದಿತ್ತೇನೋ?”

“ಎಲ್ಡು ಸಲ ಬಂದಿದ್ದೆ.” ಅವನ ಕಣ್ಣಲ್ಲಿ ಮೇಷ್ಟ್ರು ಅದುವರೆಗೆ ಕಾಣದಿದ್ದ ಕಿಚ್ಚಿತ್ತು. “ನಿಮ್ ಮುಂದೆ ಮಾತಾಡಾಕೆ ಯಾರ್ಗೆ ಧೈರ್ಯ ಅದೆ ಸಾರ್? ಊರ್ ಅಪ್ಪಂದಿರ್ನೆಲ್ಲ ಮಕ್ಕಳ್ನ ಕೇಳಿ ಕೇಳಿ ಅಂತ ಬೈತೀರಿ. ನಾನು ನಿಮ್ಗೆ ಏನಾಗ್ಬೇಕಿತ್ತು? ಲೆಕ್ಕ ಬತ್ತದೆ ಅಂದ್ರೆ ಲೆಕ್ಕಾನೇ ಮಾಡ್ಕಂಡು ಸಾಯ್ಬೇಕಾ? ನನ್ ತಂಗಿ ಸತ್ತದ್ದು ಯಾವ ರೋಗುದ್ದು, ಅದು ರಕ್ತದಲ್ಲಿ ಎಂಗೆ ಬತ್ತದೆ, ಅದ ನೋಡೋ ಕೆಲಸ ನಂಗೆ ಬೇಕು. ಅದಕ್ಕೆ ಜೀವಶಾಸ್ತ್ರ ಓದ್ಬೇಕು. ಓದಕ್ಕೆ ಬುಡದೆ ಇದ್ರೆ ಪಂಪು ಒತ್ಕಂಡಾದ್ರೂ ಅವ್ರ ಜೊತೇಲೇ ಇರ್ತೀನಿ.”

ಅದುವರೆಗಿನ ಸೇವೆಯಲ್ಲಿ ಶಿಷ್ಯನೊಬ್ಬ ಹೀಗೆ ಎದುರು ಮಾತನಾಡಿದ್ದು ಅದೇ ಮೊದಲು. ವೀರಭದ್ರಸ್ವಾಮಿಯವರಿಗೆ ರಕ್ತ ನೆತ್ತಿಗೇರಿತು. ಬಾಯಿಗೆ ಬಂದ ಮಾತನ್ನು ಕಷ್ಟದಿಂದ ನುಂಗಿ, “ನಡಿ, ನಿಮ್ಮ ಅಪ್ಪ ಅಮ್ಮನ ಹತ್ತಿರ ಹೋಗೋಣ” ಎಂದಷ್ಟೇ ಹೇಳಿದರು.

ಜವರಯ್ಯನ ಜಗಲಿಯ ಮೇಲೆ ನಾಲ್ವರೂ ಕುಳಿತರು. ಸಾಕಮ್ಮ ಮೊದಲು ಮೇಷ್ಟ್ರ ಮುಖವನ್ನೇ ನೋಡಲಿಲ್ಲ. ಹಿಂದಿನ ದಿನ ಎಲ್ಲರೆದುರು ‘ಹೊರಗೆ ನಡಿ’ ಎಂದದ್ದಕ್ಕೆ ವೀರಭದ್ರಸ್ವಾಮಿಯವರು ಕೈ ಮುಗಿದು, ತಪ್ಪಾಯಿತೆಂದರು. ಜವರಯ್ಯ ಗಾಬರಿಯಾಗಿ ಎದ್ದುನಿಂತ.

“ಅಂಗೆಲ್ಲ ಅನ್ಬ್ಯಾಡಿ ಅಯ್ನೋರೆ. ನನ್ದೂ ತಪ್ಪದೆ. ನಾನೂ ಅವನ್ನ ಏನೂ ಕೇಳ್ನಿಲ್ಲ. ಮೇಷ್ಟ್ರು ಅವ್ರೆ ಅಂದ್ಕಂಡು ಸುಮ್ಕಾಗ್ಬುಟ್ಟೆ.”

“ಕೂತ್ಕೊ ಜವರಯ್ಯ” ಎಂದರು ವೀರಭದ್ರಸ್ವಾಮಿಯವರು. “ಈಗ ಅವನು ಹೇಳಲಿ. ನಾವು ಮೂರು ಜನಾನೂ ಬಾಯಿ ಮುಚ್ಚಿಕೊಂಡು ಕೇಳೋಣ.”

ಸಿದ್ದಯ್ಯ ಮಧ್ಯಾಹ್ನವೆಲ್ಲ ಮಾತನಾಡಿದ. ಮಗನ ಬಾಯಲ್ಲಿ ಅಷ್ಟು ಮಾತಿದೆಯೆಂದು ಜವರಯ್ಯನಿಗೆ ಅದುವರೆಗೆ ತಿಳಿದಿರಲಿಲ್ಲ. ನಡುವೆ ಒಂದೆರಡು ಸಲ ವೀರಭದ್ರಸ್ವಾಮಿಯವರು ತಿದ್ದುವುದಕ್ಕೆ ಬಾಯಿ ತೆರೆದಾಗ ಸಾಕಮ್ಮ ಅವರ ಕಡೆ ದುರುಗುಟ್ಟಿ ನೋಡಿದಳು.

ಆ ವರ್ಷ ಆಗಲೇ ಕೈಬಿಟ್ಟಿತ್ತು. ೧೯೫೪ರ ಜೂನ್‌ನಲ್ಲಿ ವೀರಭದ್ರಸ್ವಾಮಿಯವರು ಸಾಕಮ್ಮ, ಜವರಯ್ಯ, ಸಿದ್ದಯ್ಯ ಮೂವರನ್ನೂ ಕರೆದುಕೊಂಡು ಮೈಸೂರಿನ ಆ ಕಾಲೇಜಿನ ಕಛೇರಿಗೆ ಹೋದರು. ಕಾಲೇಜಿನ ಹೆಸರು ಇಲ್ಲಿ ಬೇಡ. ಈ ಸಲ ಅರ್ಜಿಯನ್ನು ಸಿದ್ದಯ್ಯನೇ ಬರೆದ. ಪೋಷಕರ ರುಜುವಿನ ಜಾಗದಲ್ಲಿ ತಂದೆ ತಾಯಿ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಗುಮಾಸ್ತ ಅದನ್ನು ನೋಡಿ ನಕ್ಕ. “ಏನ್ರೀ ಹೆಡ್‌ಮಾಸ್ಟರೇ, ನೀವು ಇಷ್ಟು ಓದಿದವರು ಇದ್ದುಕೊಂಡು ಹೆಬ್ಬೆಟ್ಟು ಒತ್ತಿಸ್ತೀರಲ್ಲ! ಗಣಿತ ಯಾವುದು, ಜೀವಶಾಸ್ತ್ರ ಯಾವುದು ಅಂತ ಇವರಿಗೇನು ತಿಳಿಯುತ್ತೆ?”

ವೀರಭದ್ರಸ್ವಾಮಿಯವರು ಮೇಜಿನ ಮೇಲೆ ಗುದ್ದಿದ ರಭಸಕ್ಕೆ ಮಸಿಕುಡಿಕೆ ಉರುಳಿತು. “ನನಗೆ ಎಲ್ಲಾ ತಿಳಿದಿದ್ದಕ್ಕೇ ಈ ಹುಡುಗ ಒಂದು ವರ್ಷ ಕಳಕೊಂಡ! ಆಡಬೇಡ ಆ ಮಾತು!” ಕಛೇರಿಯೆಲ್ಲ ಎದ್ದುನಿಂತಿತು.

“ಸುಮ್ಕಿರಿ ಅಯ್ನೋರೆ, ನಾನೇ ಯೋಳ್ತೀನಿ” ಎಂದು ಸಾಕಮ್ಮ ಮುಂದೆ ಬಂದಳು. ಗುಮಾಸ್ತನ ಮೇಜಿನ ಅಂಚು ಹಿಡಿದುಕೊಂಡು ನಿಧಾನವಾಗಿ ಹೇಳಿದಳು: “ಜೀವಸಾಸ್ತ್ರ ಅಂದ್ರೆ ಏನು ಅಂತ ನಂಗೆ ತಿಳೀದು ಸ್ವಾಮಿ. ನನ್ ಮಗನ್ಗೆ ಏನ್ ಬೇಕು ಅಂತ ತಿಳೀತದೆ. ಅವ್ನು ಫೇಲಾದ್ರೆ ಮನೇಗ್ ಬತ್ತಾನೆ, ನಾನು ಉಣ್ಣಾಕೆ ಇಟ್ಟು ಇಕ್ತೀನಿ. ಪಾಸಾದ್ರೆ ಅವ್ನಿಗೆ ಬೇಕಾದ ಕೆಲ್ಸುಕ್ಕೆ ಓಯ್ತಾನೆ. ಬರ್ಕಳಿ.”

ಗದ್ದಲ ಕೇಳಿ ಹೊರಗೆ ಬಂದ ಪ್ರಿನ್ಸಿಪಾಲರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅಲ್ಲೇ ನಿಂತು ಅರ್ಜಿಯ ಮೇಲೆ ಒಪ್ಪಿಗೆ ಬರೆದರು. ಕಾಲೇಜಿಗೆ ಹೋಗುವ ಮಕ್ಕಳ ಬಾಳನ್ನು ಕುರಿತು ತಂದೆತಾಯಿಗಳ ಕರ್ತವ್ಯವೇನೆಂದು ಆಮೇಲಿನ ವರ್ಷಗಳಲ್ಲಿ ಯಾರಾದರೂ ಕೇಳಿದರೆ ವೀರಭದ್ರಸ್ವಾಮಿಯವರು ಸಾಕಮ್ಮನ ಈ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು. ಅದಕ್ಕಿಂತ ಚೆನ್ನಾಗಿ ಹೇಳುವುದಕ್ಕೆ ತಮಗೆ ಬರುವುದಿಲ್ಲವೆನ್ನುತ್ತಿದ್ದರು.

ಸಿದ್ದಯ್ಯ ೧೯೫೬ರಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ, ಎರಡನೆಯ ದರ್ಜೆಯಲ್ಲಿ. ಅಪೂರ್ವವಾದ ಗಣಿತದ ಬುದ್ಧಿಯೊಂದು ಆ ದಾರಿ ಹಿಡಿಯದೆ ಹೋಯಿತೆಂಬ ಹೊಟ್ಟೆಯುರಿ ಮೇಷ್ಟ್ರಿಗೆ ಇಂದಿಗೂ ಇದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ತರಬೇತಿ ಮುಗಿಸಿದ ಸಿದ್ದಯ್ಯ ಕಳೆದ ವರ್ಷದಿಂದ ಮಲೇರಿಯಾ ಪ್ರಯೋಗಶಾಲೆಯಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಾನೆ. ಹೋದ ವರ್ಷ ಮೇಷ್ಟ್ರಿಗೆ ಚಳಿಜ್ವರ ಬಂದಾಗ ಅವನೇ ಬಂದು ಬೆರಳು ಚುಚ್ಚಿದ. “ನೋಯ್ತದೆ ಸಾರ್, ಬೈಬ್ಯಾಡಿ” ಎಂದನಂತೆ.

ಇಷ್ಟಕ್ಕೆ ನಿಲ್ಲಿಸಿದರೆ ಸನ್ಮಾನದ ಲೇಖನಕ್ಕೆ ಚೆನ್ನ. ಆದರೆ ನೀಲಾಂಬಿಕೆಯ ಕಥೆ ಉಳಿದಿದೆ.

ಆ ನವೆಂಬರಿನ ಸಭೆ ಮುಗಿದು ವಾರದೊಳಗೆ ಚಿಕ್ಕಬಸಪ್ಪನವರು ಮೈಸೂರಿಗೆ ಹೋಗಿ ಮಗಳನ್ನು ಮನೆಗೆ ಕರೆತಂದರು. ಪರೀಕ್ಷೆಯವರೆಗೂ ಕಾಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ರಾವಂದೂರಿನ ಮನೆಗೆ ಮದುವೆ ಮಾಡಿಕೊಟ್ಟರು. ಸುದ್ದಿ ತಿಳಿದು ವೀರಭದ್ರಸ್ವಾಮಿಯವರು ಬೆಟ್ಟದಪುರಕ್ಕೆ ಓಡಿದರು. ಚಿಕ್ಕಬಸಪ್ಪನವರು ಬಾಗಿಲಲ್ಲೇ ನಿಂತು, “ತಮ್ಮ ಪಾಠ ಶಾಲೇಲಿರಲಿ ಸ್ವಾಮಿ. ನನ್ನ ಮನೆ ವಿಚಾರ ನಾನು ನೋಡ್ಕೋತೀನಿ” ಎಂದು ಹೇಳಿ ಒಳಗೆ ಹೋದರು.

ಎರಡು ವರ್ಷದ ಮೇಲೆ ರಾವಂದೂರಿನಲ್ಲಿ ಒಬ್ಬ ಶಿಷ್ಯನ ಗೃಹಪ್ರವೇಶಕ್ಕೆ ಹೋಗಿದ್ದಾಗ ನೀಲಾಂಬಿಕೆ ಎದುರಾದಳು. ಕಂಕುಳಲ್ಲಿ ಕೂಸಿತ್ತು. ಮೇಷ್ಟ್ರಿಗೆ ಕಣ್ಣೆತ್ತಿ ನೋಡುವುದಕ್ಕಾಗಲಿಲ್ಲ. ‘ನಿಮ್ಮಪ್ಪ ಮಾಡಿದ್ದು ಅನ್ಯಾಯ ಕಣಮ್ಮ’ ಎಂದೇನೋ ಆರಂಭಿಸಿದರು.

“ಅಪ್ಪಾಜಿ ಆವಾಗ ಗಟ್ಟಿ ಮಾಡಿರ್ಲಿಲ್ಲ ಸಾರ್” ಎಂದಳು ನೀಲಾಂಬಿಕೆ. “ಮೇಷ್ಟ್ರು ಓದ್ಸು ಅಂದ್ರೆ ಓದಿಸ್ತೀನಿ ಅಂತ ಅವ್ವಂಗೆ ಹೇಳೇ ಬಂದಿದ್ರು. ನೀವು ಅಷ್ಟು ಜನದ ಮುಂದೆ ಅವ್ರನ್ನ ಅಂಗೆ ಅನ್ನದೆ ಇದ್ದಿದ್ರೆ, ಪರೀಕ್ಷೆನಾದ್ರೂ ಬರೀತಿದ್ದೆ.”

ಅವಳು ಅದನ್ನು ದೂರಾಗಿ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಅಂದು ವೀರಭದ್ರಸ್ವಾಮಿಯವರು ಊಟಕ್ಕೆ ನಿಲ್ಲದೆ ಹಿಂದಿರುಗಿದರು. ಮುಂದಿನ ಸೋಮವಾರ ಉಪಾಧ್ಯಾಯರ ಕೊಠಡಿಯಲ್ಲಿ, “ನನ್ನ ಸಿಟ್ಟಿಗೆ ಒಂದು ಹೆಣ್ಣುಮಗುವಿನ ಓದು ಹೋಯಿತು” ಎಂದು ಹೇಳಿ, ಪಾಠಕ್ಕೆ ಹೋಗದೆ ಬಹಳ ಹೊತ್ತು ಕುಳಿತೇ ಇದ್ದರು. ಸಮಾಧಾನ ಹೇಳಲು ಹೋದವರನ್ನು ಬೈದು ಅಟ್ಟಿದರು. ಸಮಾಧಾನಕ್ಕೆ ಅರ್ಹರಲ್ಲವೆಂದು ತಮ್ಮ ಮೇಲೆಯೇ ತೀರ್ಪು ಕೊಟ್ಟುಕೊಂಡಿದ್ದವರನ್ನು ಸಂತೈಸುವುದು ನಮ್ಮಿಂದಾಗುವ ಕೆಲಸವಾಗಿರಲಿಲ್ಲ.

ಅಲ್ಲಿಂದಾಚೆಗೆ ಶನಿವಾರದ ಸಭೆಯ ರೀತಿಯೇ ಬೇರೆಯಾಯಿತು. ಯಾರನ್ನೂ ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದಿಲ್ಲ. ಕಾಲೇಜಿನ ಹುಡುಗನೋ ಹುಡುಗಿಯೋ ರಜೆಗೆ ಬಂದಾಗ ಅವರ ಮನೆಯವರನ್ನು ಮಾತ್ರ ಒಂದು ಕೊಠಡಿಯಲ್ಲಿ ಕೂರಿಸುವರು. ಮೊದಲು ಮಗು ಮಾತನಾಡಬೇಕು, ಆಮೇಲೆ ತಾಯಿ, ಕಡೆಗೆ ತಂದೆ. ಮೇಷ್ಟ್ರು ಬಾಯಿ ತೆರೆಯಕೂಡದು. ಈ ಕಡೆಯ ನಿಯಮವನ್ನು ಪಾಲಿಸುವುದಕ್ಕೆ ಅವರು ಪಟ್ಟ ಪಾಡನ್ನು ಕಿಟಕಿಯಿಂದ ನೋಡಿದವರಿಗೆ ಗೊತ್ತು: ಎರಡು ಕೈಯಲ್ಲೂ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡು ಮುಖ ಕೆಂಪಗೆ ಮಾಡಿಕೊಂಡು ಕುಳಿತಿರುತ್ತಿದ್ದರು. ಮಗ ಓವರ್ಸಿಯರ್ ಆಗುತ್ತೇನೆಂದರೆ ಓವರ್ಸಿಯರ್ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾನೆಂಬುದು ತಂದೆಗೆ ತಿಳಿಯಬೇಡವೇ ಎಂದು, ಕೆಲಸದಲ್ಲಿರುವ ಹಳೆಯ ಶಿಷ್ಯರನ್ನೇ ಶಾಲೆಗೆ ಕರೆಸಿ, ತಂದೆತಾಯಿಗಳೇ ಅವರನ್ನು ಪ್ರಶ್ನೆ ಕೇಳುವಂತೆ ಮಾಡಿದರು. ಆಸ್ಪತ್ರೆಯ ದಾದಿ ಚೆಲುವಮ್ಮ ಹೀಗೆ ಬಂದು ತನ್ನ ಕೆಲಸ ಎಂಥದೆಂದು ಹೇಳಿಹೋದ ವರ್ಷ ಮೂರು ಮನೆಗಳವರು ಹೆಣ್ಣುಮಕ್ಕಳನ್ನು ದಾದಿಯರ ತರಬೇತಿಗೆ ಕಳಿಸಿದರು. ವರ್ಷಕ್ಕೊಂದು ಸಲವಾದರೂ ಮೈಸೂರಿಗೆ ಹೋಗಿ ಮಗು ಇರುವ ಕೊಠಡಿಯನ್ನು ನೋಡಿ ಬನ್ನಿ, ಅಂಕ ಕೇಳುವ ಮುಂಚೆ ಊಟ ಹೇಗಿದೆಯೆಂದು ಕೇಳಿ, ಒಂದು ಪರೀಕ್ಷೆ ತಪ್ಪಿದರೆ ಬಾಳೇ ತಪ್ಪಿತೆಂದು ಮನೆಯಲ್ಲಿ ಗೋಳಾಡಬೇಡಿ ಎಂದು ಮನೆಮನೆಗೂ ಹೇಳಿ ಕಳಿಸಿದರು.

ಇದು ಎಲ್ಲರಿಗೂ ಹಿಡಿಸಲಿಲ್ಲ. ೧೯೫೭ರಲ್ಲಿ, ಈ ಹೆಡ್‌ಮೇಷ್ಟ್ರು ಮಕ್ಕಳನ್ನು ಹಿರಿಯರ ಮೇಲೆ ಎತ್ತಿಕಟ್ಟುತ್ತಿದ್ದಾರೆ, ಇವರನ್ನು ದೂರಕ್ಕೆ ವರ್ಗ ಮಾಡಬೇಕೆಂದು ಹನ್ನೊಂದು ಜನ ಗಣ್ಯರು ಮೇಲಕ್ಕೆ ಅರ್ಜಿ ಬರೆದರು. ವಿಚಾರಣೆಗೆ ಬಂದ ಅಧಿಕಾರಿ ಮೂರು ದಿನ ಅವರನ್ನು ಕಳ್ಳನಂತೆ ನಿಲ್ಲಿಸಿ ಪ್ರಶ್ನೆ ಕೇಳಿದ. ಆ ಅರ್ಜಿಗೆ ರುಜು ಹಾಕಿದವರಲ್ಲಿ ಕೆಲವರ ಹೆಸರು ಈ ಸಂಪುಟದ ಮೊದಲ ಪುಟದಲ್ಲಿ ಸನ್ಮಾನ ಸಮಿತಿಯ ಸದಸ್ಯರೆಂದು ಅಚ್ಚಾಗಲಿದೆ. ಅವರು ನಾಳೆ ಹಾರ ಹಿಡಿದು ವೇದಿಕೆ ಹತ್ತುತ್ತಾರೆ. ಹತ್ತಲಿ. ಆದರೆ ಹತ್ತುವ ಮುಂಚೆ ತಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುತ್ತಿರುವ ಮಗನನ್ನು, ಮಗಳನ್ನು ಎದುರಿಗೆ ಕೂರಿಸಿಕೊಂಡು ಒಂದು ಗಳಿಗೆ ಅವರ ಮಾತು ಕೇಳಿ ಬರಲಿ. ಅದನ್ನು ಮಾಡದವರ ಕೈಯ ಹಾರ ಈ ಮೇಷ್ಟ್ರ ಕೊರಳಿಗೆ ಬೇಡ.

ವಿಚಾರಣೆಯ ಕಡೆಯ ದಿನ ಸಾಕ್ಷಿ ಹೇಳಬಯಸುವವರಿದ್ದರೆ ಬರಬಹುದೆಂದಾಗ ಶಾಲೆಯ ಅಂಗಳದಲ್ಲಿ ನೂರಾರು ಜನ ನೆರೆದರು. ಅವರಲ್ಲಿ ಹೆಚ್ಚಿನವರು ಹಿಂದೆ ಅವರಿಂದ ಬೈಸಿಕೊಂಡವರೇ. ವರ್ಗದ ಮಾತು ಅಲ್ಲಿಗೆ ನಿಂತಿತು.

ಶ್ರೀ ವೀರಭದ್ರಸ್ವಾಮಿಯವರು ನಿವೃತ್ತರಾದ ಮೇಲೆ ಹುಣಸೂರಿನಲ್ಲಿಯೇ ನೆಲೆಸುತ್ತಾರೆ. ಹೈಸ್ಕೂಲಿಲ್ಲದ ಹೋಬಳಿಗಳಿಗೆ ತಿಂಗಳಿಗೊಮ್ಮೆ ತಾವೇ ಹೋಗಿ, ಶನಿವಾರದ ಕೆಲಸವನ್ನು ಅಲ್ಲಿಯೂ ನಡೆಸುವುದಾಗಿ ಈಗಾಗಲೇ ಊರೂರಿಗೆ ಪತ್ರ ಬರೆದಿದ್ದಾರೆ. ಮೊದಲು ಹೋಗುವ ಊರು ಬೆಟ್ಟದಪುರ. ಅಲ್ಲಿ ಚಿಕ್ಕಬಸಪ್ಪನವರು ಬಾಗಿಲು ತೆರೆಯುತ್ತಾರೋ ಇಲ್ಲವೋ ಅವರಿಗೆ ಗೊತ್ತಿಲ್ಲ, ಆದರೂ ಹೋಗುತ್ತಾರಂತೆ. ಪ್ರೇಮಮ್ಮನವರೊಡಗೂಡಿ ಅವರು ನೂರು ವರ್ಷ ಬಾಳಲಿ. ಅವರ ಕಾಲಿಗೆ ನಡೆಯುವ ಶಕ್ತಿ ಇರಲಿ, ಕಿವಿಗೆ ಕೇಳುವ ತಾಳ್ಮೆ ಹೆಚ್ಚಲಿ. ಸಿಟ್ಟು ಕಡಿಮೆಯಾಗಲೆಂದು ಮಾತ್ರ ಯಾರೂ ಹಾರೈಸಬೇಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಕೇಳಿಸಿಕೊಳ್ಳುವವರಿಲ್ಲದ ಮಕ್ಕಳು ಇನ್ನೂ ಬಹಳ ಮಂದಿ ಇದ್ದಾರೆ.